ಕಾರ್ಟೂನಿನ ದೆವ್ವಕ್ಕೆ ಹೆದರಿದವರು ಮೆಣಸಿನಕಾಯಿ ಹೊಗೆಗೆ ಯಾಕೆ ಹೆದರಲಿಲ್ಲ?

ಕಳೆದ ತಿಂಗಳು ನಮ್ಮ ಆಳಂದ ತಾಲ್ಲೂಕಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ವಿಡಿಯೊ ಓಡಾಡಿತು. ಮುಕ್ಕಾಲು ನಿಮಿಷದ್ದು, ಕಾರ್ಟೂನ್. ರಕ್ತ, ಬೆಂಕಿ, ಕೊಂಬು, ಮಾಸಲು ಬಣ್ಣದ ಉದ್ದ ಕೋಟು ಹಾಕಿಕೊಂಡ ಒಬ್ಬ ಮನುಷ್ಯ ಕೈ ಮುಂದೆ ಚಾಚಿ ಏನೋ ಮಂತ್ರ ಹೇಳುತ್ತಿದ್ದಾನೆ. ಕೆಳಗೆ ಕನ್ನಡದಲ್ಲಿ ಬರಹ: ‘ನಿಮ್ಮ ಮಕ್ಕಳ ಮೊಬೈಲಿನಲ್ಲಿ ಮಾಟ-ಮಂತ್ರ ಕಲಿಸುವ ಕಾರ್ಟೂನ್! ಎಲ್ಲ ಪಾಲಕರಿಗೂ ಕಳಿಸಿ.’ ಎಲ್ಲ ಪಾಲಕರೂ ಎಲ್ಲ ಪಾಲಕರಿಗೂ ಕಳಿಸಿದರು.

ಮರುದಿನ ಬೆಳಿಗ್ಗೆ ನಮಗೆ ಡೆಸ್ಕಿನಿಂದ ಫೋನ್. ‘ನರೋಣಾ ಭಾಗದಾಗ ಆ ಕಾರ್ಟೂನ್ ನೋಡಿ ಹುಡುಗರು ಜ್ವರ ಬಂದು ಮಲಗ್ಯಾರಂತ. ಒಂದು ಸ್ಟೋರಿ ಕಳಸ್ರಿ. ಹೆಡ್ಡಿಂಗ್ ನಾವು ಹಾಕ್ತೀವಿ.’

ಹೆಡ್ಡಿಂಗ್ ಆಗಲೇ ತಯಾರಿದೆ ಎಂದರ್ಥ. ಸುದ್ದಿಗೆ ಇಷ್ಟು ಎಂದು ಎಣಿಸಿ ದುಡ್ಡು ಕೊಡುವ ಪತ್ರಿಕೆಯಲ್ಲಿ ಸ್ಟ್ರಿಂಗರ್ ಕೆಲಸ ಬಹಳ ಸಲ ಇಷ್ಟೇ: ಮೊದಲೇ ಬರೆದಿಟ್ಟ ಹೆಡ್ಡಿಂಗಿನ ಕೆಳಗೆ ಊರಿನ ಹೆಸರು ತುಂಬುವುದು. ನಾವೂ ತುಂಬಿದ್ದೇವೆ, ಸುಳ್ಳು ಯಾಕೆ ಹೇಳಬೇಕು. ಈ ಸಲ ತುಂಬಲಿಲ್ಲ. ಯಾಕೆ ತುಂಬಲಿಲ್ಲ ಎಂದು ಹೇಳುವುದಕ್ಕೆ ಆ ಪತ್ರಿಕೆಯಲ್ಲಿ ಜಾಗ ಸಿಗುವುದಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇವೆ.

ನರೋಣಾಕ್ಕೆ ಹೋದೆವು. ಜ್ವರ ಬಂದದ್ದು ನಿಜ. ಆ ವಾರ ಊರಿನಲ್ಲಿ ಅರ್ಧ ಮಂದಿಗೆ ಜ್ವರ ಇತ್ತು, ಎಪ್ಪತ್ತು ದಾಟಿದ ಮುತ್ಯಾಗಳಿಗೂ ಇತ್ತು. ಅವರ್ಯಾರೂ ಕಾರ್ಟೂನ್ ನೋಡಿರಲಿಲ್ಲ. ನೋಡಿದ ಹುಡುಗರನ್ನು ಹುಡುಕಿದೆವು. ಕಲಬುರಗಿಯಲ್ಲಿ ಡಿಗ್ರಿ ಓದುವ ಒಬ್ಬ, ಪಿಯುಸಿಯ ಇಬ್ಬರು, ಬೇವಿನ ಮರದ ಕಟ್ಟೆ ಮೇಲೆ ಸಿಕ್ಕರು. ‘ಹೆದರಿಕಿ ಬಂತೇನಪ್ಪಾ?’ ಅಂದೆವು. ಡಿಗ್ರಿ ಹುಡುಗ ನಕ್ಕ. ‘ದೆವ್ವ ನೋಡಿ ಹೆದರಿಕಿ ಬರ್ಲಿಲ್ಲ ಅಣ್ಣಾ. ಲಾಸ್ಟಿಗಿ ಆ ದೋಸ್ತ್‌ಗ ಗುರುತೇ ಹತ್ತಲ್ಲ ನೋಡ್ರಿ, ಅಲ್ಲಿ ಕೆಟ್ಟ ಅನಿಸ್ತು.’

ಆ ಮಾತು ನಮಗೆ ಅರ್ಥವಾಗಲಿಲ್ಲ. ಅವನ ಮೊಬೈಲಿನಲ್ಲೇ ಇಡೀ ಸಿನಿಮಾ ನೋಡಿದೆವು. ಒಂದೂವರೆ ಗಂಟೆ, ಕಟ್ಟೆ ಮೇಲೆ ಕೂತು, ಮೂವರು ಹುಡುಗರ ನಡುವೆ. ಅವರು ಎರಡನೇ ಸಲ ನೋಡುತ್ತಿದ್ದರು, ಇಂಗ್ಲಿಷ್ ಮಾತು ಬಂದಾಗೆಲ್ಲ ನಮಗೆ ತಿಳಿಸಿ ಹೇಳಿದರು.

ಸಿನಿಮಾದ ಹೆಸರು ‘ಕಾನ್‌ಸ್ಟಂಟೈನ್: ಸಿಟಿ ಆಫ್ ಡೀಮನ್ಸ್’. 2018ರದು. ಮೊದಲು ಅಂತರ್ಜಾಲದಲ್ಲಿ ಸಣ್ಣ ಕಂತುಗಳಾಗಿ ಬಂದು, ಆಮೇಲೆ ಪೂರ್ತಿ ಸಿನಿಮಾ ಆಯಿತು. ಇದರ ಮೂಲ ಒಂದು ಚಿತ್ರಕಥೆ ಪುಸ್ತಕ, ‘ಆಲ್ ಹಿಸ್ ಎಂಜಿನ್ಸ್’, 2005ರಲ್ಲಿ ಮೈಕ್ ಕ್ಯಾರಿ ಬರೆದು ಲಿಯೊನಾರ್ಡೊ ಮಾಂಕೊ ಚಿತ್ರ ಬರೆದದ್ದು. ಅದರ ನಾಯಕ ಜಾನ್ ಕಾನ್‌ಸ್ಟಂಟೈನ್ ಇನ್ನೂ ಹಳಬ. 1985ರಲ್ಲಿ ‘ಸ್ವಾಂಪ್ ಥಿಂಗ್’ ಎಂಬ ಕಾಮಿಕ್ಸಿನಲ್ಲಿ ಹುಟ್ಟಿದವನು, 1988ರಿಂದ ‘ಹೆಲ್‌ಬ್ಲೇಜರ್’ ಎಂಬ ತನ್ನದೇ ಪತ್ರಿಕೆಯಲ್ಲಿ 300 ಸಂಚಿಕೆ ಓಡಿದವನು. ಇಂಗ್ಲೆಂಡಿನ ಬಡವರ ಮನೆಯ ಹುಡುಗ, ಸಿಗರೇಟು ಬಿಡದವನು, ಬಾಯಿ ಹೊಲಸು, ಮಂತ್ರ-ತಂತ್ರ ಬಲ್ಲವನು. ನಮ್ಮ ಕಡೆ ಮಾತಿನಲ್ಲಿ ಹೇಳಬೇಕೆಂದರೆ ಒಬ್ಬ ಮಂತ್ರವಾದಿ.

ಕಥೆ ಹೀಗೆ. ಅವನ ಹಳೆಯ ಗೆಳೆಯ ಚಾಸ್, ಟ್ಯಾಕ್ಸಿ ಓಡಿಸುವವನು. ಚಾಸ್‌ನ ಸಣ್ಣ ಮಗಳು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಳೆ. ಡಾಕ್ಟರಿಗೆ ಕಾರಣ ತಿಳಿಯುತ್ತಿಲ್ಲ. ಬೇರೆ ದಾರಿ ಕಾಣದೆ ಚಾಸ್ ಗೆಳೆಯನ ಹತ್ತಿರ ಬರುತ್ತಾನೆ. ಹುಡುಗಿಯ ಜೀವ ಹಿಡಿದಿಟ್ಟುಕೊಂಡ ದೆವ್ವ ಅಮೆರಿಕದ ಲಾಸ್ ಏಂಜಲೀಸಿನಲ್ಲಿ ದೊಡ್ಡ ಬಂಗಲೆ ಕಟ್ಟಿ ಕೂತಿದೆ, ದಂಧೆ ನಡೆಸುತ್ತಿದೆ. ತನ್ನ ದಂಧೆಗೆ ಅಡ್ಡ ಬರುವ ಇನ್ನೈದು ದೆವ್ವಗಳನ್ನು ಮುಗಿಸಿಕೊಡು, ಹುಡುಗಿಯನ್ನು ಬಿಡುತ್ತೇನೆ ಅನ್ನುತ್ತದೆ. ಮರಳು ಮಾಫಿಯಾ ನೋಡಿದ ನಮ್ಮ ಭೀಮಾ ತೀರದ ಜನಕ್ಕೆ ಇದರಲ್ಲಿ ಹೊಸದೇನೂ ಇಲ್ಲ.

ಆದರೆ ಈ ಕಥೆಯ ಮಂತ್ರವಾದಿ ಒಂದು ಹಳೆಯ ಪಾಪ ಹೊತ್ತವನು. ಹರೆಯದಲ್ಲಿ ನ್ಯೂಕ್ಯಾಸಲ್ ಎಂಬ ಊರಿನಲ್ಲಿ ಒಬ್ಬ ಚಿಕ್ಕ ಹುಡುಗಿಯನ್ನು ದೆವ್ವದಿಂದ ಬಿಡಿಸುತ್ತೇನೆಂದು ಹೋಗಿದ್ದ. ತನಗೆ ಎಲ್ಲ ಗೊತ್ತು ಎಂಬ ಸೊಕ್ಕು. ಒಂದು ದೆವ್ವ ಓಡಿಸಲು ಅದಕ್ಕಿಂತ ದೊಡ್ಡದನ್ನು ಕರೆದ. ಆ ದೊಡ್ಡದು ಹುಡುಗಿಯನ್ನೇ ಎಳೆದುಕೊಂಡು ನರಕಕ್ಕೆ ಹೋಯಿತು. ಅವಳ ಹೆಸರು ಆಸ್ಟ್ರಾ. ಅವನಿಗೆ ತಲೆ ಕೆಟ್ಟು ಹುಚ್ಚಾಸ್ಪತ್ರೆ ಸೇರಿದ. ಇಡೀ ಕಥೆ ಆ ಹುಡುಗಿಯ ನೆರಳಿನಲ್ಲಿ ನಡೆಯುತ್ತದೆ. ಕೊನೆಗೆ ಚಾಸ್‌ನ ಮಗಳು ಉಳಿಯುತ್ತಾಳೆ, ಆದರೆ ಆ ಮಂತ್ರಕ್ಕೆ ಬೆಲೆ ಕೊಡಬೇಕು. ಗೆಳೆಯನ ನೆನಪಿನಿಂದ ಕಾನ್‌ಸ್ಟಂಟೈನ್ ಅಳಿಸಿಹೋಗುತ್ತಾನೆ. ಎದುರಿಗೆ ನಿಂತರೂ ಚಾಸ್‌ಗೆ ಅವನು ಯಾರೆಂದು ಗೊತ್ತಾಗುವುದಿಲ್ಲ. ಡಿಗ್ರಿ ಹುಡುಗನಿಗೆ ಕೆಟ್ಟ ಅನಿಸಿದ್ದು ಇದು.

ಈಗ ಹೇಳಿ, ಮಾಟ ಕಲಿಸುವ ಕಾರ್ಟೂನ್ ಇದೇನಾ? ಮಂತ್ರವಾದಿಯ ಹತ್ತಿರ ಹೋದರೆ ಮಗು ಕಳೆದುಕೊಳ್ಳುತ್ತೀರಿ, ಅದು ತಪ್ಪಿದರೆ ಗೆಳೆತನ ಕಳೆದುಕೊಳ್ಳುತ್ತೀರಿ, ಮಂತ್ರವಾದಿಯೂ ನೆಮ್ಮದಿಯಾಗಿ ಮಲಗುವುದಿಲ್ಲ ಎಂದು ಒಂದೂವರೆ ಗಂಟೆ ಹೇಳುವ ಸಿನಿಮಾ ಇದು.

ಮಕ್ಕಳಿಗೆ ತೋರಿಸಬಹುದಾ? ಚಿಕ್ಕವರಿಗೆ ಬೇಡ. ಬಹಳ ರಕ್ತ ಇದೆ, ಬೈಗುಳ ಇದೆ. ಅಮೆರಿಕದಲ್ಲೇ ಇದಕ್ಕೆ ‘ಆರ್’ ದರ್ಜೆ, ಅಂದರೆ ಹದಿನೇಳರ ಒಳಗಿನವರು ದೊಡ್ಡವರ ಜೊತೆ ಕೂತು ನೋಡಬೇಕು. ಕಾರ್ಟೂನ್ ಅಂದ ಕೂಡಲೇ ಅದು ಮಕ್ಕಳದ್ದೇ ಅಂದುಕೊಂಡು ಎಂಟು ವರ್ಷದವನ ಕೈಗೆ ಮೊಬೈಲ್ ಕೊಟ್ಟು ತೊಗರಿ ಹೊಲಕ್ಕೆ ಹೋದವರು ತಪ್ಪು ಮಾಡಿದ್ದಾರೆ. ಆ ಎಚ್ಚರಿಕೆ ಬರೆಯಿರಿ ಎಂದಿದ್ದರೆ ಬರೆಯುತ್ತಿದ್ದೆವು. ನಮ್ಮನ್ನು ಕೇಳಿದ್ದು ಬೇರೆ.

ಯಾಕೆ ಸಿಟ್ಟು ಬಂತು ಎಂದರೆ, ಆ ಫೋನ್ ಬರುವ ಹದಿನೈದು ದಿನ ಮೊದಲು ನಾವೇ ಒಂದು ಸುದ್ದಿ ಕಳಿಸಿದ್ದೆವು.

ನಮ್ಮ ಹೋಬಳಿಯ ಒಂದು ಹಳ್ಳಿ. ಹೆಸರು ಬೇಡ, ಹುಡುಗಿ ಇನ್ನೂ ಶಾಲೆಗೆ ಹೋಗಬೇಕು. ಹದಿಮೂರು ವರ್ಷ. ತಿಂಗಳಿಗೆ ಎರಡು-ಮೂರು ಸಲ ಬಿದ್ದು ಕೈಕಾಲು ಸೆಟೆದು ಬಾಯಲ್ಲಿ ನೊರೆ ಬರುತ್ತಿತ್ತು. ಅವರ ಆಯಿ ‘ಬಾನಾಮತಿ ಮಾಡ್ಸ್ಯಾರ’ ಅಂದಳು. ಪಕ್ಕದ ಮನೆಯವರ ಜೊತೆ ಬದುವಿನ ಜಗಳ ಇತ್ತು, ಅದಕ್ಕೆ ಇದು ಸರಿಯಾಗಿ ಕೂತಿತು. ಬಾನಾಮತಿ ಅಂದರೆ ಹೊರಗಿನವರಿಗೆ ಗೊತ್ತಿಲ್ಲದಿರಬಹುದು. ಕಲಬುರಗಿ, ಬೀದರ್‌ಗಳಲ್ಲಿ, ಗಡಿ ಆಚೆ ತೆಲಂಗಾಣ, ಮಹಾರಾಷ್ಟ್ರದ ಹಳ್ಳಿಗಳಲ್ಲಿ ಯಾರಿಗೆ ಏನಾದರೂ ಈ ಹೆಸರು ಬರುತ್ತದೆ. ಬಟ್ಟೆಗೆ ತಾನೇ ಬೆಂಕಿ ಹತ್ತಿತು, ಮನೆ ಮೇಲೆ ಕಲ್ಲು ಬಿತ್ತು, ಹೆಣ್ಣುಮಗಳು ನಾಯಿಯ ಹಾಗೆ ಕೂಗಿದಳು, ಎಲ್ಲ ಬಾನಾಮತಿ. ಹೆಸರು ಬಂದ ಮೇಲೆ ಮಾಡಿಸಿದವರು ಯಾರು ಎಂಬ ಹುಡುಕಾಟ, ಆಮೇಲೆ ಬಿಡಿಸುವವನ ಹುಡುಕಾಟ.

ಬಿಡಿಸುವವನು ಹುಡುಗಿಯ ಮುಖದ ಮುಂದೆ ಒಣ ಮೆಣಸಿನಕಾಯಿ ಸುಟ್ಟು ಹೊಗೆ ಹಾಕಿದ. ಬೇವಿನ ಬರಲಿನಿಂದ ಹೊಡೆದ. ‘ಯಾರು ನೀನು, ಹೆಸರು ಹೇಳು’ ಎಂದು ಕೇಳುತ್ತ ಹೊಡೆದ. ಮಗು ತನ್ನ ಹೆಸರು ಹೇಳಿತು. ಮತ್ತೆ ಹೊಡೆದ. ಇದನ್ನು ನಮಗೆ ಹೇಳಿದ್ದು ಹುಡುಗಿಯ ಸೋದರಮಾವ, ಕಣ್ಣಲ್ಲಿ ನೀರು ಹಾಕಿಕೊಂಡು. ಅವರೂ ಅಲ್ಲೇ ನಿಂತಿದ್ದರು, ತಡೆಯಲಿಲ್ಲ. ‘ಸಣ್ಣಾಂವ ನಾ, ದೊಡ್ಡವರ ಮುಂದ ಏನ್ ಮಾತಾಡ್ಲಿ’ ಅಂದರು.

ಆರುನೂರು ಪದ ಬರೆದು ಕಳಿಸಿದೆವು. ಕಾನೂನು ಏನು ಹೇಳುತ್ತದೆ ಎಂದು ಸೇರಿಸಿದ್ದೆವು, ಮೂರ್ಛೆ ರೋಗಕ್ಕೆ ಮಾತ್ರೆ ಇದೆ ಎಂದು ಸೇರಿಸಿದ್ದೆವು. ಬಂದದ್ದು ಒಳಪುಟದಲ್ಲಿ ಏಳು ಸಾಲು, ‘ಮೂಢನಂಬಿಕೆ: ಬಾಲಕಿಗೆ ತೊಂದರೆ’. ಕೇಳಿದರೆ, ‘ಇದು ಎಲ್ಲಾ ಕಡಿ ಇರೋದೇ ಅಲ್ರಿ, ಹೊಸಾದೇನದ?’ ಎಂಬ ಉತ್ತರ.

ಅದೇ ಡೆಸ್ಕಿಗೆ ಕಾರ್ಟೂನ್ ಹೊಸದು, ಅರ್ಧ ಪುಟದ ಸುದ್ದಿ. ಬರೆದ ದೆವ್ವದಿಂದ ಯಾವ ಮಗುವಿಗೂ ಹೊಡೆತ ಬಿದ್ದಿಲ್ಲ. ಹೊಡೆತ ಬಿದ್ದ ಮಗು ಏಳು ಸಾಲು.

ಇದು ನಮ್ಮ ಡೆಸ್ಕಿನ ಒಂದೇ ರೋಗವೂ ಅಲ್ಲ, ಇವತ್ತಿನದೂ ಅಲ್ಲ. 1954ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಗಾರ್ಬಲ್ಸ್ ಎಂಬ ಬಡವರ ಬಡಾವಣೆಯಲ್ಲಿ ನೂರಾರು ಮಕ್ಕಳು ಕೋಲು, ಚಾಕು ಹಿಡಿದು ಸ್ಮಶಾನಕ್ಕೆ ನುಗ್ಗಿದರು. ಕಬ್ಬಿಣದ ಹಲ್ಲಿನ ಒಂದು ರಕ್ತಪಿಶಾಚಿ ಇಬ್ಬರು ಹುಡುಗರನ್ನು ತಿಂದಿದೆ, ಅದನ್ನು ಕೊಲ್ಲುತ್ತೇವೆ ಎಂದು. ಸ್ಮಶಾನದ ಹಿಂದೆ ಕಬ್ಬಿಣದ ಕಾರ್ಖಾನೆ, ರಾತ್ರಿ ಆಕಾಶವೆಲ್ಲ ಕೆಂಪು, ಹೊಗೆ. ನಮ್ಮ ಮಕ್ಕಳನ್ನು ಅಲ್ಲಿ ಬಿಟ್ಟರೂ ಪಿಶಾಚಿ ಕಾಣುತ್ತಿತ್ತು. ಊರಿನಲ್ಲಿ ಕಾಣೆಯಾದ ಮಗು ಒಂದೂ ಇರಲಿಲ್ಲ. ಪತ್ರಿಕೆಗಳು, ಮೇಷ್ಟ್ರುಗಳು, ಪಾದ್ರಿಗಳು, ಎಡಪಕ್ಷದವರು ಎಲ್ಲ ಸೇರಿ ಒಂದೇ ತೀರ್ಪು ಕೊಟ್ಟರು: ಅಮೆರಿಕದ ಭಯಾನಕ ಕಾಮಿಕ್ಸ್ ಓದಿ ಮಕ್ಕಳು ಕೆಟ್ಟರು. 1955ರಲ್ಲಿ ಬ್ರಿಟನ್ನಿನ ಸಂಸತ್ತು ಅಂಥ ಕಾಮಿಕ್ಸ್ ಮಾರುವುದರ ವಿರುದ್ಧ ಕಾಯ್ದೆಯನ್ನೇ ಮಾಡಿತು.

ಮುಂದೆ ಈ ವಿಷಯ ಕೆದಕಿದವರು ಕಬ್ಬಿಣದ ಹಲ್ಲಿನ ಪಿಶಾಚಿ ಇರುವ ಕಾಮಿಕ್ಸ್ ಯಾವುದೆಂದು ಹುಡುಕಿದರು. ಸಿಗಲಿಲ್ಲ. ಕಬ್ಬಿಣದ ಹಲ್ಲಿನ ಪ್ರಾಣಿ ಸಿಕ್ಕಿದ್ದು ಬೈಬಲ್ಲಿನ ದಾನಿಯೇಲನ ಪುಸ್ತಕದಲ್ಲಿ. ಕಬ್ಬಿಣದ ಹಲ್ಲಿನ ಮುದುಕಿ ಸಿಕ್ಕಿದ್ದು ಮಕ್ಕಳಿಗೆ ಶಾಲೆಯಲ್ಲೇ ಓದಿಸುತ್ತಿದ್ದ ಒಂದು ಹಳೆಯ ಪದ್ಯದಲ್ಲಿ. ಪಾದ್ರಿ ಮತ್ತು ಮೇಷ್ಟ್ರು ತಮ್ಮ ಅಂಗಳದಲ್ಲೇ ಬೆಳೆದದ್ದನ್ನು ಅಮೆರಿಕದ ತಲೆಗೆ ಕಟ್ಟಿದ್ದರು. ಅತ್ತ ಅಮೆರಿಕದಲ್ಲೂ ಅದೇ 1954ರಲ್ಲಿ ಪ್ರಕಾಶಕರು ಹೆದರಿ ತಮಗೆ ತಾವೇ ಒಂದು ನಿಯಮಾವಳಿ ಹಾಕಿಕೊಂಡು, ಕಾಮಿಕ್ಸಿನಲ್ಲಿ ರಕ್ತಪಿಶಾಚಿ ಬರಕೂಡದು, ನಡೆದಾಡುವ ಹೆಣ ಬರಕೂಡದು ಎಂದರು. ಅದರಿಂದ ಅಲ್ಲಿ ಎಷ್ಟು ಮಕ್ಕಳು ಉದ್ಧಾರವಾದರೋ ಅವರೇ ಹೇಳಬೇಕು.

ನಮ್ಮ ಅಂಗಳದಲ್ಲಿ ಏನಿದೆ? ದೂರ ಹೋಗುವುದು ಬೇಡ.

2019ರ ಡಿಸೆಂಬರ್ 26, ಕಂಕಣ ಸೂರ್ಯಗ್ರಹಣ. ಬೆಳಗಿನಿಂದ ಚಾನೆಲ್ಲುಗಳಲ್ಲಿ ಪಂಚಾಂಗ ಹಿಡಿದವರು ಸಾಲಾಗಿ ಕೂತಿದ್ದರು, ಯಾವ ರಾಶಿಗೆ ಏನು ಕೇಡು, ಯಾರು ಹೊರಗೆ ಬರಬಾರದು. ಅದೇ ಹೊತ್ತಿನಲ್ಲಿ ಕಲಬುರಗಿ ನಗರದ ಮಗ್ಗುಲಿಗೇ ಇರುವ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆವರೆಗೆ ಗುಂಡಿಯಲ್ಲಿ ಹೂತು ನಿಲ್ಲಿಸಿದ್ದರು. ಗ್ರಹಣದ ಹೊತ್ತಿನಲ್ಲಿ ಹೂತರೆ ಕೈಕಾಲು ಸರಿಹೋಗುತ್ತವೆ ಎಂಬ ನಂಬಿಕೆ. ಮಣ್ಣಿನ ಮೇಲೆ ಮಕ್ಕಳ ತಲೆ ಮಾತ್ರ ಕಾಣುವ ಆ ಫೋಟೊ ದೇಶವೆಲ್ಲ ನೋಡಿತು. ಆಡಳಿತದವರು ಬಂದು ಮಕ್ಕಳನ್ನು ಹೊರಗೆ ತೆಗೆಸಿದರು. ‘ಹೆಲ್‌ಬ್ಲೇಜರ್’ನ ಯಾವ ಚಿತ್ರಕಾರನೂ ಅದಕ್ಕಿಂತ ಭಯಂಕರ ಚಿತ್ರ ಬರೆದದ್ದನ್ನು ನಾವು ನೋಡಿಲ್ಲ.

ಆ ತಾಯಿ-ತಂದೆಯರನ್ನು ನಾವು ಬೈಯುವುದಿಲ್ಲ. ನಡೆಯಲಾಗದ ಮಗುವನ್ನು ಹೆಗಲ ಮೇಲೆ ಹೊತ್ತು ಆಸ್ಪತ್ರೆಯಿಂದ ಆಸ್ಪತ್ರೆಗೆ, ಸರ್ಟಿಫಿಕೇಟಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಯಾರಾದರೂ ‘ಒಂದು ತಾಸು ಹೂಳ್ರಿ, ಸರಿ ಆಗ್ತದ’ ಅಂದರೆ ಅವರು ಹೂಳುತ್ತಾರೆ. ನಾವು ಕೇಳುವುದು ಆ ‘ಯಾರಾದರೂ’ ಯಾರು ಎಂದು. ಮತ್ತು ಅವನಿಗೆ ಮೈಕು ಕೊಟ್ಟವರು ಯಾರು ಎಂದು.

ಕಾನೂನು ಇತ್ತಲ್ಲ ಎನ್ನಬಹುದು. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ತಡೆ ಕಾಯ್ದೆಯನ್ನು ವಿಧಾನಮಂಡಲ 2017ರಲ್ಲಿ ಒಪ್ಪಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಟ ನಡೆದಿತ್ತು. ಪಕ್ಕದ ಮಹಾರಾಷ್ಟ್ರದಲ್ಲಿ ಇಂಥದೇ ಕಾನೂನು ಕೇಳುತ್ತಿದ್ದ ನರೇಂದ್ರ ದಾಭೋಲ್ಕರ್ ಅವರನ್ನು 2013ರಲ್ಲಿ ಗುಂಡಿಟ್ಟು ಕೊಂದ ಮೇಲೆ ಅಲ್ಲಿ ಅದು ಬಂತು. ನಮ್ಮಲ್ಲಿ ಒಪ್ಪಿದ ಕಾಯ್ದೆ ಎರಡು ವರ್ಷ ಕಡತದಲ್ಲಿ ಮಲಗಿತ್ತು. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ, ಆ ಗ್ರಹಣ ಕಳೆದು ಕೆಲವೇ ದಿನಕ್ಕೆ. ದೆವ್ವ ಬಿಡಿಸುವ ನೆಪದಲ್ಲಿ ಮನುಷ್ಯರನ್ನು ಕಟ್ಟಿ ಹೊಡೆಯುವುದು, ಹಿಂಸಿಸುವುದು ಈಗ ಅಪರಾಧ, ಜೈಲು ಇದೆ. ನಮ್ಮ ಹೋಬಳಿಯ ಆ ಮನುಷ್ಯ ಜೈಲಿಗೆ ಹೋಗಿಲ್ಲ. ದೂರು ಕೊಡುವವರಿಲ್ಲ. ಸೋದರಮಾವ ಕೊಡುವುದಿಲ್ಲ, ಸಂಬಂಧ ಕೆಡುತ್ತದೆ.

ಇನ್ನು ಅಫಜಲಪುರ ತಾಲ್ಲೂಕಿನ ಗಾಣಗಾಪುರ. ನಮ್ಮ ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ನದಿ ಭೀಮೆಯನ್ನು ಸೇರುವ ಊರು, ದತ್ತಾತ್ರೇಯನ ಕ್ಷೇತ್ರ. ಮಧ್ಯಾಹ್ನದ ಮಂಗಳಾರತಿ ಹೊತ್ತಿಗೆ ಅಲ್ಲಿ ಹೋದವರಿಗೆ ಗೊತ್ತು. ಮೈಮೇಲೆ ಬಂದಿದೆ ಎಂದು ಕರೆತಂದವರು, ಹೆಚ್ಚಾಗಿ ಹೆಣ್ಣುಮಕ್ಕಳು, ಗಂಟೆ ಬಾರಿಸಿದ ಕೂಡಲೇ ಕಿರುಚುತ್ತಾರೆ, ಕಂಬ ಹತ್ತುತ್ತಾರೆ, ತಲೆಗೂದಲು ಬಿಚ್ಚಿ ತೂಗಾಡುತ್ತಾರೆ. ಅಕ್ಕಲಕೋಟೆ, ಸೊಲ್ಲಾಪುರ, ಇನ್ನೂ ಆಚೆಯಿಂದ ಬಂದ ಕುಟುಂಬಗಳು, ಕಂಕುಳಲ್ಲಿ ಕೂಸು. ಆ ಕೂಸು ಎಲ್ಲವನ್ನೂ ಕಣ್ಣು ಬಿಟ್ಟು ನೋಡುತ್ತದೆ. ಅಲ್ಲಿ ‘ಆರ್’ ದರ್ಜೆಯ ಬೋರ್ಡು ಇಲ್ಲ. ದೇವರ ಮೇಲೆ ಭಕ್ತಿ ಇಟ್ಟು ಬರುವವರ ಬಗ್ಗೆ ನಮ್ಮ ತಕರಾರಿಲ್ಲ, ನಮ್ಮ ಮನೆಯವರೂ ಹುಣ್ಣಿಮೆಗೆ ಹೋಗುತ್ತಾರೆ. ಆ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿಗೆ ಗಂಡನ ಹೊಡೆತ, ಎಷ್ಟು ಮಂದಿಗೆ ಹೆರಿಗೆಯ ನಂತರದ ಮನೋವ್ಯಾಧಿ, ಎಷ್ಟು ಮಂದಿಗೆ ಫಿಟ್ಸ್ ಎಂದು ಬರೆದ ಸುದ್ದಿ ನಾವು ಎಲ್ಲಿಯೂ ಓದಿಲ್ಲ. ಗಾಣಗಾಪುರದಿಂದ ಬರುವ ಸುದ್ದಿ ಅಂದರೆ ಜಾತ್ರೆ, ಸಚಿವರ ದರ್ಶನ, ಭೀಮಾ ನದಿಗೆ ನೀರು.

ನಮ್ಮ ಬಳಗದಲ್ಲೇ ಒಬ್ಬ ಗೆಳೆಯ, ವಿಚಾರವಾದಿ, ಇದನ್ನು ಓದಿ ತಕರಾರು ತೆಗೆದ. ‘ಆ ಸಿನಿಮಾದಾಗ ದೆವ್ವ ಖರೇನೇ ಅದ ಅಲ್ಲೇನು? ಡಾಕ್ಟರಿಗಿ ಗೊತ್ತಾಗ್ಲಿಲ್ಲ, ಮಂತ್ರದಾಂವ ಉಳಿಸ್ದ. ಇದನ್ನ ನೋಡಿ ಹುಡುಗರು ಏನ್ ಕಲೀತಾವ?’

ಮಾತು ತಳ್ಳಿಹಾಕುವಂಥದ್ದಲ್ಲ. ಎರಡು ದಿನ ತಲೆ ತಿಂದಿತು. ಹೌದು, ಆ ಕಥೆಯೊಳಗೆ ದೆವ್ವ ಇದೆ. ಚಂದಮಾಮದ ಬೇತಾಳನೂ ಕಥೆಯೊಳಗೆ ಇದ್ದ. ನಮ್ಮ ಅಪ್ಪಂದಿರು, ನಾವು, ತಿಂಗಳು ತಿಂಗಳು ಅದನ್ನೇ ಮೊದಲು ತೆರೆದು ಓದಿದವರು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಹಿಂದೆ ಸ್ಮಶಾನ. ಆ ಚಿತ್ರ ಬರೆದ ಶಂಕರ್ 2020ರಲ್ಲಿ 97ನೇ ವಯಸ್ಸಿಗೆ ತೀರಿಕೊಂಡಾಗ ಎಲ್ಲ ಪತ್ರಿಕೆಗಳೂ ಕಣ್ಣೀರು ಹಾಕಿ ಬಾಲ್ಯ ನೆನೆಸಿಕೊಂಡವು. ಬೇತಾಳನ ಕಥೆ ಓದಿ ಹೆಣ ಹೊರಲು ಸುಡುಗಾಡಿಗೆ ಹೋದ ಹುಡುಗ ನಮಗೆ ಗೊತ್ತಿಲ್ಲ. ಕಥೆಯ ಕೊನೆಗೆ ಬೇತಾಳ ಒಂದು ಪ್ರಶ್ನೆ ಕೇಳುತ್ತಿದ್ದ, ಯಾರದು ಸರಿ, ಯಾರದು ತಪ್ಪು ಎಂದು. ನಾವು ಪುಸ್ತಕ ಮುಚ್ಚಿ ಆ ಪ್ರಶ್ನೆಗೆ ಜಗಳಾಡುತ್ತಿದ್ದೆವು.

ಇನ್ನೂ ಹಿಂದಕ್ಕೆ ಹೋಗಿ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ ಹೇಗೆ ಶುರುವಾಗುತ್ತದೆ? ಚಂಡಮಾರಿಯ ಗುಡಿ, ಬಲಿಗೆ ತಂದ ಪ್ರಾಣಿಗಳು, ಮಾರಿದತ್ತ ಎಂಬ ರಾಜ, ನರಬಲಿಗೆಂದು ಹಿಡಿದು ತಂದ ಅಣ್ಣ-ತಂಗಿ ಎಳೆಯ ಮಕ್ಕಳು. ಕತ್ತಿ ಎತ್ತಿದ ರಾಜನ ಮುಂದೆ ನಿಂತು ಆ ಮಕ್ಕಳು ತಮ್ಮ ಕಥೆ ಹೇಳುತ್ತಾರೆ: ಹಿಂದೊಂದು ಜನ್ಮದಲ್ಲಿ ಜೀವವಿಲ್ಲದ ಒಂದು ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದಕ್ಕೆ ಎಷ್ಟು ಹುಟ್ಟು ಹುಟ್ಟಿ ಎಷ್ಟು ಸಾವು ಸತ್ತೆವು ಎಂದು. ರಾಜನ ಕೈಯಿಂದ ಕತ್ತಿ ಜಾರುತ್ತದೆ. ರಕ್ತ, ವಾಮಾಚಾರ, ಪುನರ್ಜನ್ಮ, ವ್ಯಭಿಚಾರ, ವಿಷ, ಎಲ್ಲ ಇರುವ ಈ ಕಾವ್ಯವನ್ನು ಕನ್ನಡ ಎಂ.ಎ. ತರಗತಿಗಳಲ್ಲಿ ಓದಿಸುತ್ತಾರೆ. ಬಲಿ ತಪ್ಪು ಎಂದು ಹೇಳಲು ಜನ್ನ ಬಲಿಯ ಗುಡಿಯೊಳಗೇ ನಮ್ಮನ್ನು ಕರೆದುಕೊಂಡು ಹೋದ. ಹೊರಗೆ ನಿಂತು ಭಾಷಣ ಮಾಡಲಿಲ್ಲ. ನಮ್ಮ ವಿಚಾರವಾದಿ ಗೆಳೆಯನ ಭಾಷಣಕ್ಕೆ ಹಳ್ಳಿಯಲ್ಲಿ ಎಷ್ಟು ಹುಡುಗರು ಕೂರುತ್ತಾರೆ ಎಂದು ಅವನಿಗೇ ಗೊತ್ತು. ಬೇವಿನ ಕಟ್ಟೆಯ ಮೇಲೆ ಒಂದೂವರೆ ಗಂಟೆ ಮೂವರು ಹುಡುಗರು ಅಲುಗಾಡದೆ ಕೂತದ್ದನ್ನು ನಾವು ನೋಡಿದ್ದೇವೆ.

ಸಿನಿಮಾ ಮುಗಿದ ಮೇಲೆ ಪಿಯುಸಿ ಹುಡುಗನೊಬ್ಬ ಕೇಳಿದ: ‘ಅಣ್ಣಾ, ಅಂವ ಆ ಮೊದಲಿನ ಹುಡುಗಿಗಿ ದವಾಖಾನಿಗಿ ಒಯ್ದಿದ್ರ ಉಳೀತಿದ್ಳೇನು?’ ಇದಕ್ಕಿಂತ ಒಳ್ಳೆಯ ಪ್ರಶ್ನೆ ಆ ದಿನ ಬೇರಾರೂ ಕೇಳಲಿಲ್ಲ, ನಾವೂ ಸೇರಿ.

ಒಂದು ಮಾತು ಉಳಿದಿದೆ. ಪಾಲಕರು ಹೆದರಿದ್ದು ಯಾಕೆ? ಆ ಮುಕ್ಕಾಲು ನಿಮಿಷದಲ್ಲಿ ಉದ್ದ ಕೋಟಿನವನು ಏನು ಹೇಳುತ್ತಿದ್ದಾನೆ ಎಂದು ಅವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಬಾಯಿ ಅಲ್ಲಾಡುತ್ತಿದೆ, ಬೆಂಕಿ ಬರುತ್ತಿದೆ, ಅಷ್ಟೇ ಕಂಡಿತು. ಕನ್ನಡದಲ್ಲಿ ಇದ್ದಿದ್ದರೆ ಅವ್ವಂದಿರು ಒಲೆ ಮುಂದೆ ಕೂತಲ್ಲೇ ಕೇಳಿಸಿಕೊಂಡು ‘ಅಯ್ಯ, ಕೂಸಿನ ಸಲುವಾಗಿ ಅಳಾಕತ್ತ್ಯಾನ ಪಾಪ’ ಅನ್ನುತ್ತಿದ್ದರು. ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ ಆಗಬಾರದು ಎಂದು ನಮ್ಮ ಚಿತ್ರರಂಗ ಅರ್ಧ ಶತಮಾನ ಬಾಗಿಲು ಹಾಕಿಕೊಂಡು ಕೂತಿತು. 2015ರಲ್ಲಿ ಸ್ಪರ್ಧಾ ಆಯೋಗ ಅದು ತಪ್ಪು ಎಂದ ಮೇಲೆ ಬಾಗಿಲು ಸ್ವಲ್ಪ ಸರಿಯಿತು. ಕಾರ್ಟೂನಿಗೆ 2009ರಲ್ಲಿ ಚಿಂಟು ಟಿವಿ ಬಂತು, ಪುಟ್ಟ ಮಕ್ಕಳಿಗೆ ಅಷ್ಟಾದರೂ ಸಿಕ್ಕಿತು. ಹದಿನಾರು-ಹದಿನೆಂಟರವರಿಗೆ, ದೊಡ್ಡವರಿಗೆ ಎಂದು ಮಾಡಿದ ಅನಿಮೇಷನ್ ಕನ್ನಡದಲ್ಲಿ ಹುಡುಕಿದರೆ ಕೈಗೆ ಸಿಗುವುದಿಲ್ಲ. ಇಂಗ್ಲಿಷ್ ಬಂದ ಒಬ್ಬ, ಹಿಂದಿ ಬಂದ ಇಬ್ಬರು, ಉಳಿದವರಿಗೆ ಅವರು ಹೇಳಿದ್ದೇ ಕಥೆ. ಬೆಂಗಳೂರಿನಲ್ಲಿ ಕೂತು ಭಾಷೆ ಉಳಿಸಿದ್ದೇವೆ ಎಂದವರು ನರೋಣಾದ ಕಟ್ಟೆಗೆ ಒಂದು ಸಲ ಬಂದು ಹೋಗಲಿ.

ಇಲ್ಲೇ ಮಾಡಬಹುದು ಕೂಡ. ಜನ್ನನ ಹಿಟ್ಟಿನ ಕೋಳಿಯನ್ನು ಯಾರಾದರೂ ಅನಿಮೇಷನ್ ಮಾಡಲಿ, ದೊಡ್ಡವರಿಗೆ ಎಂದೇ ಮಾಡಲಿ. ಬಾನಾಮತಿ ಬಗ್ಗೆ ಒಂದು ಕಾಮಿಕ್ಸ್ ಬರಲಿ, ಬದುವಿನ ಜಗಳದಿಂದ ಶುರುವಾಗಿ ಹೊಗೆಯ ಕೋಣೆಗೆ ಮುಟ್ಟುವುದು. ಕಥೆ ಬೇಕಿದ್ದರೆ ನಮ್ಮ ಹತ್ತಿರ ಆರುನೂರು ಪದ ಇದೆ, ಏಳು ಸಾಲು ಕಳೆದು ಉಳಿದದ್ದೆಲ್ಲ ಯಾರೂ ಓದದ್ದು.

ಹುಡುಗಿಯ ವಿಷಯ ಕೇಳುವವರಿಗೆ: ಸೋದರಮಾವನೇ ಕೊನೆಗೆ ಬೈಕ್ ಮೇಲೆ ಕೂರಿಸಿಕೊಂಡು ಕಲಬುರಗಿಗೆ ಕರೆದೊಯ್ದರು. ಮೂರ್ಛೆ ರೋಗ ಎಂದರು. ಸರಿಯಾಗಿ ಮಾತ್ರೆ ತಗೊಂಡರೆ ಈ ಕಾಯಿಲೆಯವರಲ್ಲಿ ನೂರಕ್ಕೆ 70 ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಾತ್ರೆ ಬಿಡದೆ ನುಂಗಬೇಕು, ಅದೇ ಕಷ್ಟ. ಹೋದ ವಾರ ಕೇಳಿದಾಗ ಇಪ್ಪತ್ತೆರಡು ದಿನದಿಂದ ಬಿದ್ದಿರಲಿಲ್ಲ. ಆಯಿ ಮಾತ್ರ ಇನ್ನೂ, ತಾನು ಕಟ್ಟಿಸಿದ ತಾಯತದಿಂದಲೇ ಎನ್ನುತ್ತಾಳೆ. ಇರಲಿ. ತಾಯತ ಕೈಯಲ್ಲಿ, ಮಾತ್ರೆ ಹೊಟ್ಟೆಯಲ್ಲಿ.

ಡೆಸ್ಕಿಗೆ ಕಾರ್ಟೂನ್ ಸುದ್ದಿ ನಾವು ಕಳಿಸಲಿಲ್ಲ. ಬೇರೆ ಯಾರೋ ಕಳಿಸಿದರು, ಬಂತು, ಹೆಡ್ಡಿಂಗ್ ಮೊದಲೇ ತಯಾರಿದ್ದದ್ದೇ. 2027ರ ಆಗಸ್ಟ್ 2ರ ಸಂಜೆ ದೇಶದ ಬಹುಭಾಗದಲ್ಲಿ ಪಾರ್ಶ್ವ ಸೂರ್ಯಗ್ರಹಣ ಇದೆ. ಆ ದಿನ ಫೋನ್ ಬಂದರೆ ನಾವು ತಾಜಸುಲ್ತಾನಪುರದಲ್ಲಿ ಇರುತ್ತೇವೆ.